ಟೇಪಿಲ್ಲದ ಅಳತೆ

ಗಂಡನ ಎದೆಯ ಸುತ್ತಳತೆ ನಲವತ್ತು ಇಂಚು ಎಂದು ಇನ್ನೊಬ್ಬ ಹೆಂಗಸಿನ ಬಾಯಿಂದ ಕೇಳಿದಾಗ ಕಾಮಾಕ್ಷಮ್ಮನ ತುಟಿಗಳ ನಡುವೆ ಮೂರು ಗುಂಡುಸೂಜಿಗಳಿದ್ದವು. ಅವು ಇಲ್ಲದಿದ್ದರೆ ಆವತ್ತು ಏನು ಮಾತು ಹೊರಬರುತ್ತಿತ್ತೋ ದೇವರಿಗೇ ಗೊತ್ತು.

ಹೇಳಿದವಳು ಯಮುನ. ಕಕ್ಕಬೆ ಕಡೆಯ ಅರೆಭಾಷೆ ಗೌಡರ ಮನೆಯ ಹೆಣ್ಣು, ಮೂವತ್ತೈದರ ಪ್ರಾಯ. ಗೋಣಿಕೊಪ್ಪಲಿನ ಹಾಲಿನ ಸೊಸೈಟಿಗೆ ಆ ವರ್ಷ ಜನವರಿಯಲ್ಲಿ ಸೇರಿದ್ದಳು. ಹಸು ಬೆದೆಗೆ ಬಂತು ಎಂದು ಫೋನು ಬಂದರೆ ಮನೆಮನೆಗೆ ಹೋಗಿ ಇಂಜೆಕ್ಷನ್ ಮಾಡಿ ಬರುವ ಕೆಲಸ. ಅದೇ ಸೊಸೈಟಿಯಲ್ಲಿ ಅದೇ ಕೆಲಸವನ್ನು ಇಪ್ಪತ್ತೈದು ವರ್ಷದಿಂದ ಮಾಡುತ್ತಿದ್ದವನು ಕಾಮಾಕ್ಷಮ್ಮನ ಗಂಡ ಸಣ್ಣಸ್ವಾಮಿ. ಮಳೆ ನಿಲ್ಲಲಿ ಎಂದು ಹಸು ಕಾಯುವುದಿಲ್ಲ. ಆದ್ದರಿಂದ ಇಬ್ಬರೂ ಎಂಥ ಮಳೆಯಲ್ಲೂ ಬೈಕಿನ ಮೇಲೇ ಇರುತ್ತಿದ್ದರು.

"ಅಕ್ಕ, ಅಣ್ಣನದ್ದು ನಲವತ್ತು ಬಂತು," ಎಂದಳು ಯಮುನ, ಹೊಸ್ತಿಲಾಚೆ ನಿಂತು ಹೆಲ್ಮೆಟ್ಟಿನ ನೀರು ಕೊಡವುತ್ತ. "ಎಲ್ ಸೈಜು ಸಾಕಾಗ್ತದೆ. ಭಾನುವಾರ ಜಾಕೆಟ್ ನೋಡ್ಲಿಕ್ಕೆ ಹೋಗುವ, ನೀವೂ ಬನ್ನಿ."

ಕಾಮಾಕ್ಷಮ್ಮ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು.

"ಟೇಪು ಎಲ್ಲಿಂದ ಬಂತು?"

"ಕರುವಿನ ಎದೆ ಅಳೆದು ತೂಕ ನೋಡ್ತೇವಲ್ಲ, ಆ ಟೇಪು ಉಂಟಲ್ಲ ಸೊಸೈಟಿಯಲ್ಲಿ. ಕ್ಯಾನಿನ ಪಕ್ಕ ನಿಲ್ಸಿ ಸುತ್ತಿದೆ. ಆ ಲೆಕ್ಕದಲ್ಲಿ ಅಣ್ಣ ಒಳ್ಳೆ ಮೇವು ತಿಂದ ಕರು!" ಯಮುನ ನಕ್ಕಳು. ಹಿಂದೆ ನಿಂತಿದ್ದ ಸಣ್ಣಸ್ವಾಮಿಯೂ ನಕ್ಕ. ಆ ನಗುವೇ ಕಾಮಾಕ್ಷಮ್ಮನಿಗೆ ಹೆಚ್ಚು ಉರಿದದ್ದು. ಅವನು ಮನೆಯಲ್ಲಿ ಹಲ್ಲು ತೋರಿಸಿ ನಕ್ಕು ಎಷ್ಟು ಕಾಲವಾಗಿತ್ತು!

ಅವಳು ಗಂಡನನ್ನು ನೋಡಿದಳು. ಜೂನ್ ಮೊದಲ ವಾರದ ಮಳೆಗೆ ಬೆಳಗ್ಗೆಯೇ ದಪ್ಪ ಸ್ವೆಟರ್ ಹಾಕಿಕೊಂಡು ಹೋಗಿದ್ದ. ಯಮುನ ಅಳೆದದ್ದು ಸ್ವೆಟರನ್ನು, ಅವನನ್ನಲ್ಲ. ಅವನ ಎದೆ ಮೂವತ್ತೆಂಟು. ಮಗಳು ಸೌಮ್ಯಳ ಮದುವೆಯಾದ ವರ್ಷದಿಂದ ಮೂವತ್ತೆಂಟೇ. ಅದು ಕಾಮಾಕ್ಷಮ್ಮನಿಗೆ ಗೊತ್ತಿದ್ದಷ್ಟು ಖಚಿತವಾಗಿ ಈ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದೂ ಅವಳು ಹೇಳಲಿಲ್ಲ. "ಕಾಫಿ ಕುಡೀತೀಯಾ?" ಎಂದಷ್ಟೇ ಕೇಳಿ ಒಳಗೆ ಹೋದಳು. ಕೊಟ್ಟ ಕಾಫಿಯಲ್ಲಿ ಸಕ್ಕರೆ ಇರಲಿಲ್ಲ. ಯಮುನ ಅದನ್ನೂ ನಗುತ್ತಲೇ ಕುಡಿದು ಹೋದಳು.

ಕಾಮಾಕ್ಷಮ್ಮ ಕೊಡಗಿನಲ್ಲಿ ಹುಟ್ಟಿದವಳಲ್ಲ. ಹುಟ್ಟಿದ್ದು ಕೊಣನೂರಿನ ಆಚೆ, ಹೊಳೆ ದಂಡೆಯ ಹಳ್ಳಿಯಲ್ಲಿ. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸಂಸಾರ ಕಟ್ಟಿಕೊಂಡು ಕುಶಾಲನಗರದ ಹತ್ತಿರ ಶುಂಠಿ ಬೆಳೆಯಲು ಬಂದ. ಸ್ಕೂಲು ಅಲ್ಲಿಗೆ ಮುಗಿಯಿತು. ಶುಂಠಿ ತುಂಬುವ ಚೀಲಗಳ ಬಾಯಿ ಹೊಲಿಯುತ್ತ ಸೂಜಿ ಹಿಡಿಯುವುದನ್ನು ಕಲಿತಳು. ಗೋಣಿದಾರದಲ್ಲಿ ಹೊಲಿದರೂ ಹೊಲಿಗೆ ಇರುವೆ ಸಾಲಿನ ಹಾಗೆ ನೆಟ್ಟಗೆ ಹೋಗುತ್ತಿತ್ತು. ಅದನ್ನು ನೋಡಿಯೇ ಪಕ್ಕದ ಮನೆಯ ಟೈಲರಮ್ಮ ಅವಳನ್ನು ಮಿಷನ್ನಿನ ಮುಂದೆ ಕೂರಿಸಿದ್ದು. ಹತ್ತೊಂಬತ್ತಕ್ಕೆ ಮದುವೆಯಾಯಿತು. ಗಂಡನಿಗೆ ಗೋಣಿಕೊಪ್ಪಲಿನಲ್ಲಿ ಕೆಲಸ ಸಿಕ್ಕಿತು. ಮಿಷನ್ನು ತವರಿನಲ್ಲೇ ಉಳಿಯಿತು, ಟೇಪೂ ಉಳಿಯಿತು.

ಕುಶಾಲನಗರದಲ್ಲಿ ಬೀಳುವುದನ್ನು ಅವಳು ಮಳೆ ಎಂದುಕೊಂಡಿದ್ದಳು. ಗೋಣಿಕೊಪ್ಪಲಿನ ಮೊದಲ ಜೂನಿನಲ್ಲಿ ಹನ್ನೊಂದು ದಿನ ಬಿಸಿಲೇ ಬೀಳಲಿಲ್ಲ. ಗೋಡೆಗೆ ಒರಗಿಸಿದ್ದ ಚಾಪೆಗೆ ಬೂಷ್ಟು ಬಂತು, ಉಪ್ಪಿನ ಡಬ್ಬಿ ತುಂಬ ನೀರಾಯಿತು, ಮದುವೆಯ ಸೀರೆಯ ಜರಿ ಕಪ್ಪಾಯಿತು. ಸಣ್ಣಸ್ವಾಮಿ ದಿನವೂ ಒದ್ದೆಯಾಗಿ ಬಂದು ಎರಡನೇ ವಾರಕ್ಕೆ ಜ್ವರ ಹಿಡಿದು ಮಲಗಿದ. ಸೌದೆ ಮುಚ್ಚಿದ್ದ ನೀಲಿ ಟಾರ್ಪಾಲನ್ನು ಕಾಮಾಕ್ಷಮ್ಮ ಎಳೆದು ತಂದು, ತೊಳೆದು, ಕತ್ತರಿಗೆ ಕೊಟ್ಟಳು.

ಅಳೆಯಲು ಟೇಪಿಲ್ಲ. ಅವನನ್ನು ಎಬ್ಬಿಸಿ, ಬಾಗಿಲ ಮೇಲಿನ ಅಡ್ಡಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಲು ಹೇಳಿದಳು. ಹಿಂದಿನಿಂದ ತನ್ನ ಎರಡು ತೋಳುಗಳನ್ನು ಅವನ ಎದೆಯ ಸುತ್ತ ಹಾಕಿದಳು. ಬಲಗೈಯ ನಡುಬೆರಳು ಎಡಗೈಯಲ್ಲಿ ಎಲ್ಲಿಗೆ ತಲುಪಿತೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿಕೊಂಡು, ಆ ಉದ್ದವನ್ನು ಟಾರ್ಪಾಲಿನ ಮೇಲೆ ಇಳಿಸಿದಳು. ಜ್ವರದ ಮೈ ಕಾದ ಬಾಣಲೆಯ ಹಾಗಿತ್ತು. "ಬಿಡಮ್ಮಿ, ಯಾರಾದ್ರೂ ನೋಡಾರು," ಎಂದ ಅವನು. ಆದರೆ ಅಡ್ಡಪಟ್ಟಿ ಬಿಡಲಿಲ್ಲ.

ಎರಡು ದಿನ ಕೈಯಲ್ಲೇ ಹೊಲಿದಳು. ಆ ಕೋಟು ಹಾಕಿಕೊಂಡು ಹೋದವನು ಸಂಜೆ ಬಂದು ಅಂಗಿ ಬಿಚ್ಚಿದಾಗ, ಹೊಲಿಗೆ ಇದ್ದಲ್ಲೆಲ್ಲ ನೀರಿನ ಗೆರೆ ಇಳಿದಿತ್ತು. ಯಾರೋ ಅವನ ಮೈಮೇಲೆ ಕೋಟಿನ ಚಿತ್ರ ಬರೆದ ಹಾಗೆ. ಕಾಮಾಕ್ಷಮ್ಮ ಅತ್ತುಬಿಟ್ಟಳು. ಆಗ ಬಾಗಿಲಲ್ಲಿ ಕೂತಿದ್ದವಳು ಜವರಿ, ತಿತಿಮತಿ ಕಾಡಂಚಿನ ಹಾಡಿಯಿಂದ ಜೇನು ತಂದು ಮಾರುವವಳು. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಕ್ಕೋ, ಸೂಜಿ ಹೋದ ದಾರೀಲೇ ನೀರೂ ಬತ್ತದೆ. ಅಳ್ತಾ ಕೂತ್ರೆ ತೂತು ಮುಚ್ತದಾ? ಜೇನುಹುಳ ತನ್ನ ಗೂಡು ಹೆಂಗೆ ಮುಚ್ತದೆ ನೋಡಿಲ್ವಾ?"

ಹೇಳಿ, ಬುಟ್ಟಿಯ ತಳದಿಂದ ನಿಂಬೆಹಣ್ಣಿನ ಗಾತ್ರದ ಮೇಣದ ಉಂಡೆ ತೆಗೆದುಕೊಟ್ಟಳು. ಹೊಲಿಗೆಯ ಒಳಮೈಗೆ ಮೇಣ ಉಜ್ಜಿ, ಮೇಲೊಂದು ಹಳೇ ಪಂಚೆಯ ತುಂಡು ಹಾಸಿ, ಇಸ್ತ್ರಿಪೆಟ್ಟಿಗೆ ಒಂದೇ ಸಲ ಎಳೆಯಬೇಕು. ಎರಡು ಸಲ ಎಳೆದರೆ ಟಾರ್ಪಾಲು ಸುಕ್ಕಾಗುತ್ತದೆ. ಆ ಹದ ಕಲಿಯುವುದರಲ್ಲಿ ಒಂದು ದಿನ ಪೆಟ್ಟಿಗೆ ಜಾರಿ, ಎಡಗೈಯ ಮೊಣಕೈ ಕೆಳಗೆ ಹುಣಸೆಬೀಜದಷ್ಟು ಕಲೆ ಸುಟ್ಟು ಕೂತಿತು. ಹದ ಮಾತ್ರ ಸಿಕ್ಕಿತು. ಅಲ್ಲಿಂದ ಮುಂದೆ ಕಾಮಾಕ್ಷಿ ಕೋಟು ಎಂದರೆ ಶ್ರೀಮಂಗಲದ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳಿಂದ ಹಿಡಿದು ಪೋಸ್ಟಿನವರ ತನಕ ಹುಡುಕಿಕೊಂಡು ಬಂದರು. ಅವಳ ಹೊಲಿಗೆಯಲ್ಲಿ ನೀರು ಬಂತು ಎಂದವರು ಒಬ್ಬರೂ ಇಲ್ಲ. ಮೇಣದ ಗುಟ್ಟನ್ನು ಅವಳು ಯಾರಿಗೂ ಹೇಳಲಿಲ್ಲ, ಜವರಿಯೂ ಹೇಳಲಿಲ್ಲ.

ಮಿಷನ್ನು ಬಂತು. ಟೇಪೂ ಬಂದು ಅವಳ ಕುತ್ತಿಗೆಯಲ್ಲಿ ತಾಳಿಯ ಪಕ್ಕದಲ್ಲೇ ನೇತಾಡಿತು. ಊರಿನವರನ್ನೆಲ್ಲ ಟೇಪಿನಲ್ಲಿ ಅಳೆದಳು. ಗಂಡನನ್ನು ಮಾತ್ರ ಇಲ್ಲ. ಪ್ರತಿ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ, ಊಟವಾದ ಮೇಲೆ, "ಬನ್ನಿ, ಅಳತೆ" ಎನ್ನುವಳು. ಅವನು ಬಂದು ಅಡ್ಡಪಟ್ಟಿ ಹಿಡಿದು ನಿಲ್ಲುವನು. ಅವಳು ಹಿಂದಿನಿಂದ ತೋಳು ಸುತ್ತುವಳು. ಮೊದಲ ವರ್ಷಗಳಲ್ಲಿ ನಡುಬೆರಳು ಸುಟ್ಟ ಕಲೆಯನ್ನು ದಾಟಿ ಹೋಗುತ್ತಿತ್ತು. ಅವನ ಮೈ ತುಂಬಿದ ಹಾಗೆ ಹಿಂದೆ ಸರಿದು, ಕೊನೆಗೆ ಕಲೆಯ ಮೇಲೇ ಬಂದು ನಿಂತಿತು. ಕಲೆ ಎಂದರೆ ಮೂವತ್ತೆಂಟು. ನೋಡಲು ಒಂದು ಗಳಿಗೆ ಸಾಕು. ಅವಳು ಅದಕ್ಕಿಂತ ಬಹಳ ಹೊತ್ತು ನಿಲ್ಲುತ್ತಿದ್ದಳು. ಡೆಟಾಲು ಮತ್ತು ಹಸುವಿನ ಮೈಯ ವಾಸನೆಯ ಆ ಬೆನ್ನಿಗೆ ಕೆನ್ನೆ ತಾಗಿಸಿ, ಅವನ ಉಸಿರು ಏರಿ ಇಳಿಯುವುದನ್ನು ಎಣಿಸುತ್ತಿದ್ದಳು. ಅವನೂ ಆಯಿತೇ ಎಂದು ಕೇಳುತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುಟ್ಟುವ ರೂಢಿ ಅವರ ಕಡೆ ಇಲ್ಲ. ಮಗಳು ಹುಟ್ಟಿ, ಬೆಳೆದು, ಪಿರಿಯಾಪಟ್ಟಣಕ್ಕೆ ಮದುವೆಯಾಗಿ ಹೋದ ಮೇಲೆ ಉಳಿದಿದ್ದ ಮುಟ್ಟುವಿಕೆ ಅದೊಂದೇ. ವರ್ಷಕ್ಕೊಂದು ಸಲ, ಕೋಟಿನ ನೆಪದಲ್ಲಿ.

ಹಿಂದಿನ ವರ್ಷ ಕೊಡಗಿನವರು ಕಕ್ಕಡ ಎನ್ನುವ ಆಷಾಢದ ಮಳೆಯಲ್ಲಿ ಹುದಿಕೇರಿ ರಸ್ತೆಯ ತಿರುವಿನಲ್ಲಿ ಅವನು ಬೈಕಿನಿಂದ ಬಿದ್ದ. ಕೋಟಿನ ಮೊಣಕೈ ಹರಿಯಿತು, ಅವನ ಮೊಣಕೈಯೂ ಹರಿಯಿತು. ಯಮುನ ಬಂದವಳೇ ಆ ಗಾಯದ ಗುರುತು ನೋಡಿ ಹೇಳಿದಳಂತೆ: "ಅಣ್ಣ, ಟಾರ್ಪಾಲು ನೀರಿಗೆ ಸರಿ, ರೋಡಿಗೆ ಆಗುವುದಿಲ್ಲ. ನನ್ನ ಜಾಕೆಟ್ ನೋಡಿ." ಅವಳ ಜಾಕೆಟ್ಟಿನಲ್ಲಿ ಹೆಗಲಿಗೆ, ಮೊಣಕೈಗೆ, ಬೆನ್ನಿಗೆ ಆಮೆಯ ಚಿಪ್ಪಿನಂಥ ಪ್ಯಾಡು ಇತ್ತಂತೆ. ಮಳೆಯಲ್ಲಿ ವಿರಾಜಪೇಟೆಗೆ ಹೋಗಿ ಬಂದರೂ ಒಳಗಿನ ಚೂಡಿದಾರದ ಇಸ್ತ್ರಿ ಮುರಿದಿರಲಿಲ್ಲವಂತೆ.

ಅಂದಿನಿಂದ ಊಟಕ್ಕೆ ಕೂತರೆ "ಯಮುನ ಹೇಳ್ತಾಳೆ", ಎದ್ದರೆ "ಯಮುನ ಹೇಳ್ತಾಳೆ". ಒಂದು ದಿನ ಒಂದು ಮುದ್ದೆ ಮುಗಿಯುವುದರೊಳಗೆ ಏಳು ಸಲ ಆ ಹೆಸರು ಬಂತು. ಕಾಮಾಕ್ಷಮ್ಮ ಎಣಿಸಿದ್ದಳು.

"ನನ್ನ ಕೋಟಿನೊಳಕ್ಕೆ ಯಾವತ್ತಾದ್ರೂ ನೀರು ಬಂದಿತ್ತಾ?" ಎಂದು ಕೇಳಿದಳು.

"ನೀರು ಬಂದಿರ್ಲಿಲ್ಲ. ಚರ್ಮ ಹೋಗಿತ್ತಲ್ಲ ಕಾಮಾಕ್ಷಿ."

"ಅವಳ ಗಂಡ ಏನ್ಮಾಡ್ತಾನೆ?"

"ಮಿಲಿಟರೀಲಿ ಅವ್ನೆ. ಯಾಕೆ?"

"ಸುಮ್ನೆ ಕೇಳ್ದೆ."

ಗಂಡ ಇದ್ದಾನೆ ಎಂದು ತಿಳಿದೂ ಸಮಾಧಾನವಾಗಲಿಲ್ಲ. ಅವಳ ಸಂಕಟ ಆ ತರಹದ್ದಲ್ಲ. ಹಾಗಿದ್ದಿದ್ದರೆ ಪೊರಕೆ ಹಿಡಿದು ಬಗೆಹರಿಸಬಹುದಿತ್ತು. ಮೇ ತಿಂಗಳು ಬಂದಾಗ ಅವಳು ಹೊಸ ಹಸಿರು ಟಾರ್ಪಾಲು ತಂದಿಟ್ಟು, ಊಟದ ನಂತರ "ಬನ್ನಿ, ಅಳತೆ" ಎಂದಳು. "ಈ ಸಲ ಬೇಡ ಬಿಡು, ಜಾಕೆಟ್ಟು ತಗೋತೀನಿ," ಎಂದು ಅವನು ಚಪ್ಪಲಿ ಮೆಟ್ಟಿ ಹೊರಟುಹೋದ. ಕಾಮಾಕ್ಷಮ್ಮ ಬಾಗಿಲ ಅಡ್ಡಪಟ್ಟಿಯನ್ನೇ ನೋಡುತ್ತ ನಿಂತಳು. ವರ್ಷಗಟ್ಟಲೆ ಕೈ ಹಿಡಿದು ಹಿಡಿದು ಎರಡು ಕಡೆ ಮರ ನುಣುಪಾಗಿತ್ತು. ಟಾರ್ಪಾಲು ಮಂಚದ ಕೆಳಗೆ ಸೇರಿತು.

ಭಾನುವಾರ ಮೂವರೂ ಪೊನ್ನಂಪೇಟೆ ರಸ್ತೆಯ ಅಂಗಡಿಗೆ ಹೋದರು. ಅಂಗಡಿಯ ಪೊನ್ನಪ್ಪ ಹರೆಯದಲ್ಲಿ ಕಾಡುದಾರಿಯ ಬೈಕ್ ರೇಸು ಓಡಿಸಿ ಎರಡು ಸಲ ಕಾಲು ಮುರಿದುಕೊಂಡವನು. ಈಗ ಕುಂಟುತ್ತ ಹೆಲ್ಮೆಟ್ಟು, ಜಾಕೆಟ್ಟು ಮಾರುತ್ತಾನೆ.

ಮೊದಲು ತೋರಿಸಿದ್ದು ಬಲೆಯ ಬಟ್ಟೆಯದು. ಕಾಮಾಕ್ಷಮ್ಮ ಅದನ್ನು ಬೆಳಕಿಗೆ ಹಿಡಿದು ಇಣುಕಿದಳು. "ಇದೇನು, ಸೊಳ್ಳೆಪರದೆಯಾ? ಮಳೆಗೆ ಬಾಗ್ಲು ತೆಗೆದಿಟ್ಟಂಗದೆ."

"ಬೇಸಿಗೆಗೆ ಗಾಳಿ ಬೇಕಲ್ಲ ಮಾರಾಯ್ತಿ. ಮಳೆಗೆ ಒಳಗೊಂದು ಪ್ಲಾಸ್ಟಿಕ್ ಅಂಗಿ ಉಂಟು," ಎಂದ ಪೊನ್ನಪ್ಪ. "ಆದರೆ ಹೊರಗಿಂದು ನೆಂದು ಮೂರು ಸೇರು ಭಾರ ಆಗ್ತದೆ, ಒಣಗುವುದು ಸೆಪ್ಟೆಂಬರಿಗೆ. ನಮ್ಮ ಊರಿಗೆ ಇದು ಆಗುವುದಿಲ್ಲ. ಇದು ನೋಡಿ."

ಎರಡನೆಯದು ಬೂದು ಬಣ್ಣದ್ದು, ಎದೆಗೆ ತೋಳಿಗೆ ಮಿಂಚುವ ಪಟ್ಟಿ. ಪೊನ್ನಪ್ಪ ಅದರ ಮಡಿಲಿಗೆ ಒಂದು ಲೋಟ ನೀರು ಸುರಿದ. ನೀರು ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಉರುಳಾಡಿತು. ಕಂಕುಳಲ್ಲಿ ಗಾಳಿಗೆ ಜಿಪ್ಪು, ಚಳಿಗೆ ಬಿಚ್ಚಿ ಹಾಕುವ ಹತ್ತಿಯ ಒಳಪದರ. ಜೊತೆಗೆ ಪ್ಯಾಂಟು, ಮಂಡಿಗೆ ಪ್ಯಾಡು, ಪಕ್ಕದಲ್ಲಿ ತೊಡೆಯ ತನಕ ಜಿಪ್ಪು.

"ಬೂಟು ಬಿಚ್ಚದೇ ಪ್ಯಾಂಟ್ ತೆಗೀಲಿಕ್ಕೆ ಆಗ್ತದೆ, ಅದಕ್ಕೇ ಈ ಜಿಪ್ಪು," ಎಂದಳು ಯಮುನ. "ಕೊಟ್ಟಿಗೆ ಹತ್ರ ಕಳಚಿಟ್ಟು ಹೋಗಿ ಅಣ್ಣ."

"ಕಳಚ್ಲೇಬೇಕು. ಇದನ್ನ ಹಾಕ್ಕಂಡು ಒಳಕ್ಕೆ ಹೋದ್ರೆ ಹಸು ಹಗ್ಗ ಕಿತ್ಕಂಡು ಕೇರಳ ಸೇರುತ್ತೆ," ಎಂದ ಸಣ್ಣಸ್ವಾಮಿ. ಮತ್ತೆ ಇಬ್ಬರೂ ನಕ್ಕರು.

ಕಾಮಾಕ್ಷಮ್ಮ ನಗಲಿಲ್ಲ. ಅವಳು ಜಾಕೆಟ್ಟನ್ನು ಒಳಮೈ ಹೊರಗೆ ಮಾಡಿ, ಪದರ ಸರಿಸಿ, ಹೊಲಿಗೆ ಹುಡುಕುತ್ತಿದ್ದಳು. ಪ್ರತಿ ಹೊಲಿಗೆಯ ಮೇಲೂ ಬೆರಳಗಲದ ತೆಳು ಪಟ್ಟಿ ಬಿಸಿಯಲ್ಲಿ ಅಂಟಿಸಿತ್ತು. ಸೂಜಿ ಹೋದ ಒಂದೊಂದು ತೂತನ್ನೂ ಮುಚ್ಚಿತ್ತು. ಯಾವ ಊರಿನಲ್ಲೋ, ಯಾರೋ, ಅವಳದೇ ಗುಟ್ಟನ್ನು ಅವಳಿಗಿಂತ ಚೆಂದವಾಗಿ ಮಾಡಿ ಸಾವಿರಗಟ್ಟಲೆ ಹೊಲಿದು ಕಳಿಸುತ್ತಿದ್ದರು. ಅಂಗೈಯಲ್ಲಿ ಆ ಪಟ್ಟಿಯನ್ನು ತಡವಿದಾಗ ಅವಳ ಎದೆ ಒಲೆಯ ಮೇಲಿಟ್ಟು ಮರೆತ ಹಾಲಿನ ಹಾಗೆ ಉಕ್ಕಿ ಬಂತು. ಗಂಡನ ಮುಖ ನೋಡಿದಳು. ಹೊಸ ಬಟ್ಟೆ ತೊಟ್ಟ ಮದುವಣಿಗನ ಮುಖ.

"ನಿಂತು ನೋಡಿದ್ರೆ ಆಗುವುದಿಲ್ಲ, ಕೂತು ನೋಡ್ಬೇಕು," ಎಂದು ಪೊನ್ನಪ್ಪ ಜಾಕೆಟ್ಟು ತೊಡಿಸಿ ಅವನನ್ನು ಅಂಗಡಿಯ ಹಳೇ ಬೈಕಿನ ಮೇಲೆ ಕೂರಿಸಿ ಹ್ಯಾಂಡಲ್ ಹಿಡಿಸಿದ. "ಪ್ಯಾಡು ಮೊಣಕೈ ಮೇಲೆ ಕೂತಿರ್ಬೇಕು. ತೋಳು ಸಡಿಲ ಇದ್ದರೆ ಬಿದ್ದಾಗ ತಿರುಗಿಬಿಡ್ತದೆ. ಮತ್ತೆ ಅದು ಇದ್ದೂ ಒಂದೇ, ಇಲ್ಲದೆಯೂ ಒಂದೇ. ಸ್ವಲ್ಪ ದೊಡ್ಡದಾಯ್ತೋ ಅಂತ ನಂಗೆ. ಒಂದು ಸೈಜು ಕಡಿಮೆ ಕೊಡಲಾ?"

"ಎದೆ ನಲವತ್ತು ಉಂಟು. ನಾನೇ ಅಳೆದದ್ದು," ಎಂದಳು ಯಮುನ.

ಪೊನ್ನಪ್ಪ ಕಾಮಾಕ್ಷಮ್ಮನ ಕಡೆ ತಿರುಗಿದ. ಅವನ ಹತ್ತಿರವೂ ಒಂದು ಕಾಮಾಕ್ಷಿ ಕೋಟು ಇತ್ತು. "ನಾವೆಂತ ಹೇಳುವುದು, ಟೈಲರ್ ಇಲ್ಲೇ ಇದ್ದಾರಲ್ಲ. ನೀವೇ ನೋಡಿ ಹೇಳಿಯಮ್ಮ. ತೋಳು ಸರಿ ಉಂಟಾ?"

ಕಾಮಾಕ್ಷಮ್ಮ ಹತ್ತಿರ ಹೋದಳು. ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಳು. ಚಿಪ್ಪು ಸಲೀಸಾಗಿ ಮೊಣಕೈ ಬಿಟ್ಟು ಪಕ್ಕಕ್ಕೆ ಸರಿಯಿತು. ಎರಡು ಇಂಚು ಹೆಚ್ಚು. ಕಣ್ಣು ಕಟ್ಟಿದರೂ ಹೇಳಿಯಾಳು. ನಾಲ್ಕು ದಿನ ಹಾಕಿ, ಇದು ಹೊಂದುವುದಿಲ್ಲ ಎಂದು ಮೂಲೆಗೆ ಎಸೆದು, "ಕಾಮಾಕ್ಷಿ, ಅಳತೆ ತಗೋ" ಎಂದು ಬರಲಿ. ಅವಳು ಸರಿದ ಚಿಪ್ಪನ್ನು ಜಾಗಕ್ಕೆ ಕೂರಿಸಿ ಕೈ ತೆಗೆದಳು.

"ಸರಿಯಾಗೇ ಅದೆ," ಎಂದಳು.

ಟೈಲರೇ ಹೇಳಿದ ಮೇಲೆ ಇನ್ನೇನು? ಪೊನ್ನಪ್ಪ ಅದನ್ನೇ ಕವರಿಗೆ ಹಾಕಿದ.

ಅವಳು ಎಣಿಸಿದಂತೆ ಆಗಲಿಲ್ಲ. ಮಳೆ ಜೋರಾದಷ್ಟೂ ಅವನಿಗೆ ಜಾಕೆಟ್ಟಿನ ಮೇಲೆ ಪ್ರೀತಿ ಹೆಚ್ಚಾಯಿತು. ಸಂಜೆ ಬಂದವನೇ ಅಂಗಿಯ ತುದಿ ಹಿಡಿದು, "ಮುಟ್ಟಿ ನೋಡೆ, ಒಂದು ಹನಿ ಇಲ್ಲ," ಎನ್ನುವನು. ಅವಳು ಮುಟ್ಟುವಳು. ಕಾಲರಿನ ಒಳಗೆ, ಕಂಕುಳಲ್ಲಿ, ಬೆನ್ನಿನ ನಡುವೆ, ಎಲ್ಲಾದರೂ ಒಂದು ಕಡೆ ತೇವ ಸಿಗಲಿ ಎಂದು ಬೆರಳು ಹುಡುಕುತ್ತಿತ್ತು. ಸಿಗುತ್ತಿರಲಿಲ್ಲ. ಗೋಡೆಯ ಗೂಟದಲ್ಲಿ ಅವಳ ಹಳೇ ನೀಲಿ ಕೋಟು, ಅದರ ಪಕ್ಕದಲ್ಲೇ ಬೂದು ಜಾಕೆಟ್ಟು. ಒಂದು ದಿನ ಅದನ್ನು ಒಲೆಯ ಮೇಲಿನ ಬಿದಿರು ಬುಟ್ಟಿಗೆ ಹಾಕಿ ಒಣಗಿಸಲು ಹೋದಾಗ ಅವನು ಓಡಿ ಬಂದು ಕಸಿದುಕೊಂಡ. "ಬೆಂಕಿ ತಾಗ್ಬಾರ್ದಂತೆ! ನೆರಳಲ್ಲೇ ಒಣಗಿಸ್ಬೇಕಂತೆ, ಯಮುನ ಹೇಳಿದ್ಲು."

"ತೊಟ್ಲು ಕಟ್ಟಿ ತೂಗ್ಬೇಕಂತಾ?" ಎಂದಳು ಕಾಮಾಕ್ಷಮ್ಮ. ಅವನು ಅದನ್ನು ಹ್ಯಾಂಗರಿಗೆ ಹಾಕಿ, ಮಗುವಿನ ತಲೆ ಸವರುವ ಹಾಗೆ ಹೆಗಲು ಸವರಿದ.

ಆ ತೋಳಿನ ಸಡಿಲವನ್ನು ಮಾತ್ರ ಅವಳು ದಿನವೂ ನೋಡುತ್ತಿದ್ದಳು. ಬೆಳಗ್ಗೆ ಅವನು ಬೈಕು ಹತ್ತಿ ಹ್ಯಾಂಡಲ್ ಹಿಡಿದಾಗ ಎಡಗೈಯ ಚಿಪ್ಪು ಪಕ್ಕಕ್ಕೆ ವಾಲುತ್ತಿತ್ತು. ಹೇಳಿಬಿಡಲೇ ಎಂದು ಬಾಯಿ ತೆರೆಯುವಳು. ಅಷ್ಟರಲ್ಲಿ ಅವನ ಫೋನಿನಲ್ಲಿ "ಯಮುನ ಸೊಸೈಟಿ" ಎಂದು ಹೆಸರು ಬೆಳಗುವುದು. ಬಾಯಿ ಮುಚ್ಚಿಹೋಗುವುದು.

ಜುಲೈ ಮೂರನೇ ವಾರದ ಒಂದು ಮಧ್ಯಾಹ್ನ ಅವನು ನಡೆದುಕೊಂಡು ಬಂದ. ಬೈಕು ತಳ್ಳಿಕೊಂಡು ಹಿಂದೆ ಯಮುನ ಬಂದಳು. ಶ್ರೀಮಂಗಲದ ದಾರಿಯಲ್ಲಿ ಹಲಸಿನ ಹಣ್ಣು ರಸ್ತೆಗೆ ಬಿದ್ದು, ಕೊಳೆತು, ಮಳೆಗೆ ಹರಡಿತ್ತು. ಮುಂದಿನ ಚಕ್ರ ಅದರ ಮೇಲೆ ಹತ್ತಿ ಜಾರಿತು. ಬಿದ್ದದ್ದು ಎಡಮಗ್ಗುಲಿಗೆ. ಹೆಗಲಿಗೆ ಏನೂ ಆಗಿರಲಿಲ್ಲ, ಬೆನ್ನಿಗೆ ಏನೂ ಆಗಿರಲಿಲ್ಲ, ಮಂಡಿಗೂ ಇಲ್ಲ. ಮೊಣಕೈ ಮಾತ್ರ ಊದಿ ಬದನೆಕಾಯಿಯಾಗಿತ್ತು. ಮೂಳೆ ಮುರಿದಿಲ್ಲ, ಬಿರುಕು ಬಿಟ್ಟಿದೆ ಎಂದು ಡಾಕ್ಟರು ಕಟ್ಟು ಹಾಕಿದ್ದರು.

"ಚಿಪ್ಪು ತಿರುಗಿಬಿಟ್ಟಿತು ಅಕ್ಕ," ಎಂದಳು ಯಮುನ. ಅವಳ ಮುಖ ಇಷ್ಟು ಸಣ್ಣಗಾಗಿತ್ತು. "ತಪ್ಪು ನನ್ನದೇ. ಸ್ವೆಟರಿನ ಮೇಲೆ ಅಳೆದೆ ಅಂತ ಈಗ ನೆನಪಾಗ್ತದೆ. ರಸ್ತೆಗೆ ಉಜ್ಜಿ ಗುರುತು ಬಿದ್ದಿದೆ, ಪೊನ್ನಪ್ಪಣ್ಣ ಬದಲು ಕೊಡುವುದಿಲ್ಲ. ಇದಕ್ಕೆ ಸೂಜಿ ಹಾಕಿದ್ರೆ ನೀರು ಒಳಗೆ ಬರ್ತದೆ. ನಾನೇ ಹೊಸದು ತೆಗೆದುಕೊಡ್ತೇನೆ."

ತನ್ನ ಗಂಡನಿಗೆ ಇವಳು ಬಟ್ಟೆ ತೆಗೆದುಕೊಡುವುದೇ! ಕಾಮಾಕ್ಷಮ್ಮನಿಗೆ ತನ್ನ ತಪ್ಪಿಗಿಂತ ಮೊದಲು ಆ ಮಾತು ಚುಚ್ಚಿತು. "ಬೇಡ," ಎಂದಳು. "ನಮ್ಮನೇಲಿ ಟೈಲರ್ ಅವ್ಳೆ." ಈ ಸಲ ಕೊಟ್ಟ ಕಾಫಿಯಲ್ಲಿ ಸಕ್ಕರೆ ಇತ್ತು. ಅದರ ಹಿಂದೆ ಏನಿತ್ತು ಎಂದು ಅವಳಿಗೇ ತಿಳಿಯಲಿಲ್ಲ.

ಯಮುನ ಹೋದ ಮೇಲೆ ಅವಳು ಗಂಡನ ಮುಂದೆ ನೆಲದ ಮೇಲೆ ಕೂತಳು.

"ತಪ್ಪು ಅವಳದಲ್ಲ. ಅಂಗಡೀಲಿ ನಂಗೆ ಗೊತ್ತಿತ್ತು. ಎರಡಿಂಚು ದೊಡ್ಡದು ಅಂತ ಕೈಯಲ್ಲಿ ಹಿಡ್ದೇ ನೋಡ್ದೆ. ಸರಿಯಾಗೇ ಅದೆ ಅಂತ ಸುಳ್ಳು ಹೇಳ್ದೆ."

ಸಣ್ಣಸ್ವಾಮಿ ಕಟ್ಟಿನ ಕೈ ನೋಡಿಕೊಂಡ. ಹೆಂಡತಿಯನ್ನು ನೋಡಿದ. "ಯಾಕಮ್ಮಿ?"

ಅವಳ ಕಣ್ಣು ತಾನಾಗಿ ಬಾಗಿಲ ಅಡ್ಡಪಟ್ಟಿಗೆ ಹೋಯಿತು. ಅವನೂ ಆ ಕಡೆ ತಿರುಗಿ ನೋಡಿದ. ಹೊರಗೆ ಸೂರಿನ ನೀರು ಬಕೆಟ್ಟಿಗೆ ಬೀಳುತ್ತಿತ್ತು, ಬಕೆಟ್ಟು ತುಂಬಿ ಹರಿಯುತ್ತಿತ್ತು.

ಆಮೇಲೆ ಅವನು ಎದ್ದ. ಬಂದ ಮೇಲೆ ಚಳಿಗೆ ಬಲತೋಳು ಮಾತ್ರ ಏರಿಸಿದ್ದ ಸ್ವೆಟರ್ ಎಳೆದು ತೆಗೆಯಲು ಒಂದೇ ಕೈಯಲ್ಲಿ ಒದ್ದಾಡಿದ. ಅವಳು ತೆಗೆದುಕೊಟ್ಟಳು. ಬಾಗಿಲಿಗೆ ಹೋಗಿ ಬಲಗೈ ಮೇಲೆತ್ತಿ ಅಡ್ಡಪಟ್ಟಿ ಹಿಡಿದು ನಿಂತ. ಕಟ್ಟಿದ ಎಡಗೈಯನ್ನು ಆದಷ್ಟು ಅತ್ತ ಸರಿಸಿದ.

"ಮೆಲ್ಲಗೆ," ಎಂದ. ಅಷ್ಟೇ.

ಅವಳು ತೋಳು ಸುತ್ತಿದಳು. ಡೆಟಾಲಿನ ವಾಸನೆಯ ಜೊತೆ ಇವತ್ತು ಕೊಳೆತ ಹಲಸಿನ ವಾಸನೆಯೂ ಇತ್ತು. ನಡುಬೆರಳು ಸುಟ್ಟ ಕಲೆಯ ಮೇಲೆ ಬಂದು ನಿಂತಿತು. ಅವನ ಉಸಿರು ಎಣಿಸುತ್ತ ಅವಳು ಎಲ್ಲಿಯೋ ಲೆಕ್ಕ ತಪ್ಪಿದಳು.

ಮಾರನೆಯ ದಿನ ಜಾಕೆಟ್ಟು ಮಿಷನ್ನಿನ ಮೇಲೆ ಬಂತು. ಒಳಪದರ ಬಿಚ್ಚಿ, ಚಿಪ್ಪಿನ ಚೀಲವನ್ನು ಅವನ ಮೊಣಕೈ ಇರುವ ಜಾಗಕ್ಕೆ ಇಳಿಸಿದಳು. ತೋಳಿನ ಹೊರಬಟ್ಟೆಯನ್ನು ಎರಡು ಬೆರಳು ಒಳಗೆ ಹಿಡಿದು ಹೊಲಿದಳು. ತೆಳು ಸೂಜಿ, ಉದ್ದ ಹೊಲಿಗೆ, ತೂತು ಎಷ್ಟು ಕಡಿಮೆಯೋ ಅಷ್ಟು. ಜವರಿಯ ಮೇಣ ಉಜ್ಜಿ, ಪಂಚೆಯ ತುಂಡು ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಒಂದೇ ಸಲ ಎಳೆದಳು. ಈ ಬಟ್ಟೆಗೆ ಎಷ್ಟು ಬಿಸಿ ಎಂದು ತಿಳಿಯದೆ, ಮೊದಲು ಜೇಬಿನ ಒಳಗಿನ ತುದಿಯಲ್ಲಿ ಪರೀಕ್ಷೆ ಮಾಡಿ ನೋಡಿದ್ದಳು. ಅಲ್ಲೊಂದು ಸಣ್ಣ ಸುಕ್ಕು ಈಗಲೂ ಇದೆ. ಕೊನೆಗೆ ತೋಳಿನ ಬಾಯಿಯನ್ನು ದಾರದಿಂದ ಬಿಗಿದು, ಒಳಗೆ ಒಂದು ಚೊಂಬು ನೀರು ಹೊಯ್ದು, ಗೂಟಕ್ಕೆ ನೇತುಹಾಕಿ ಕೆಳಗೆ ಹಳೇ ಪೇಪರು ಹಾಸಿದಳು. ಅನ್ನ ಮಾಡಿದಳು, ಸಾರು ಮಾಡಿದಳು, ಬಂದು ನೋಡಿದಳು. ಪೇಪರು ಗರಿಗರಿಯಾಗಿತ್ತು.

ಆಗಸ್ಟಿನಲ್ಲಿ ಕಟ್ಟು ಬಿಚ್ಚಿ ಅವನು ಕೆಲಸಕ್ಕೆ ಹೋದ ನಾಲ್ಕನೇ ದಿನ ಯಮುನ ಬಂದಳು. ತನ್ನ ಜಾಕೆಟ್ಟು ಪ್ಯಾಂಟು ಎರಡನ್ನೂ ಕೈಯಲ್ಲಿ ಹಿಡಿದಿದ್ದಳು.

"ಅಕ್ಕ, ಹೆಗಲಲ್ಲಿ ಸಡಿಲ, ಸೊಂಟದಲ್ಲಿ ಬಿಗಿ. ನಮ್ಮಂಥವರಿಗೆ ಅಂತ ಯಾರೂ ಹೊಲಿಯುವುದೇ ಇಲ್ಲ, ಗಂಡಸರದ್ದನ್ನೇ ಸಣ್ಣದು ಮಾಡಿ ಕಳಿಸ್ತಾರೆ. ಎರಡು ವರ್ಷದಿಂದ ಹೀಗೇ ಓಡಾಡ್ತಾ ಇದ್ದೇನೆ. ಅಣ್ಣನ ತೋಳು ನೋಡಿದೆ. ಸೂಜಿ ಹಾಕಿದ್ದೂ ಗೊತ್ತಾಗುವುದಿಲ್ಲ, ನೀರೂ ಬರುವುದಿಲ್ಲ. ನಂಗೂ ಮಾಡಿಕೊಡಿ."

ಕಾಮಾಕ್ಷಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಅಂಥ ಒಳ್ಳೆಯ ಜಾಕೆಟ್ಟಿನೊಳಗೆ ಇವಳೂ ಎರಡು ವರ್ಷ ಒದ್ದಾಡಿದ್ದಾಳೆ ಎಂದು ತಿಳಿದು ಅವಳಿಗೆ ಸಂತೋಷವಾಯಿತು. ಆ ಸಂತೋಷ ಒಳ್ಳೆಯದಲ್ಲ ಎಂದು ಗೊತ್ತಿತ್ತು; ಆದರೂ ಅದು ಬೇಗ ಹೋಗಲಿಲ್ಲ.

"ತಿರುಗು," ಎಂದು ಕುತ್ತಿಗೆಯಿಂದ ಟೇಪು ಎಳೆದಳು. ಬೆರಳ ತುದಿ ಮಾತ್ರ ತಾಗುವ ಹಾಗೆ ದೂರದಿಂದ ಹಿಡಿದು ಎದೆ, ಹೆಗಲು, ಸೊಂಟ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಂಡಳು. ಜಾಕೆಟ್ಟು ತೊಡಿಸಿ, ಮೂರು ಗುಂಡುಸೂಜಿ ಬಾಯಿಗೆ ಹಾಕಿಕೊಂಡು, ಹೆಗಲಿನ ಬಟ್ಟೆ ಹಿಡಿದು ಗುರುತು ಮಾಡತೊಡಗಿದಳು.

"ಅಲ್ಲ ಅಕ್ಕ," ಎಂದಳು ಯಮುನ, ಕುತ್ತಿಗೆ ಹೊರಳಿಸಿ. "ನಾನು ಟೇಪು ಹಿಡಿದೇ ತಪ್ಪಿದೆ. ಕೈಗೆ ಕಟ್ಟು ಹಾಕಿಕೊಂಡವರ ಅಳತೆ ನೀವು ಹೇಗೆ ತೆಗೆದದ್ದು?"

ಸೂಜಿ ತೆಗೆದು ಉತ್ತರ ಹೇಳಬಹುದಿತ್ತು. ಕಾಮಾಕ್ಷಮ್ಮ ತೆಗೆಯಲಿಲ್ಲ. ಸೀರೆಯ ಸೆರಗನ್ನು ಎಡಗೈಯ ಮೇಲೆ, ಮೊಣಕೈಯ ಕೆಳಗಿನ ಕಲೆ ಮುಚ್ಚುವ ಹಾಗೆ ಎಳೆದುಕೊಂಡು, ಯಮುನಳ ತಲೆಯನ್ನು ನೆಟ್ಟಗೆ ಮುಂದಕ್ಕೆ ತಿರುಗಿಸಿದಳು.